ನೆಟ್ ಕೈಕೊಟ್ಟಾಗ ಕನ್ನಡವೂ ಕೈಕೊಡಬೇಕೆ?

ಕನ್ನಡದ ಗೆಳೆಯರೇ, ನಿಮಗೊಂದು ನೇರ ಪ್ರಶ್ನೆ. ರಾತ್ರಿ ಹತ್ತೂವರೆಗೆ ಮನೆಯ ಕಂಪ್ಯೂಟರಿನಲ್ಲಿ ನೆಟ್ ನಿಂತುಹೋದರೆ ಯಾವ ಭಾಷೆಯಲ್ಲಿ ಬೈಯುತ್ತೀರಿ? ಅಪ್ಪಟ ಕನ್ನಡದಲ್ಲಿ! ಆಮೇಲೆ ಸಹಾಯವನ್ನು ಯಾವ ಭಾಷೆಯಲ್ಲಿ ಕೇಳುತ್ತೀರಿ? ಹರಕು ಮುರುಕಾದರೂ ಸರಿ, ಇಂಗ್ಲಿಷಿನಲ್ಲಿ. ಅಂದರೆ ಬೈಯಲು ಸಾಕಾದ ಭಾಷೆ ಕೇಳಲು ಸಾಲದೇ ಹೋಯಿತೆ?

ನವೆಂಬರ್ ಒಂದರಂದು ಹಳದಿ ಕೆಂಪು ಶಾಲು ಹೊದ್ದು ಬೈಕ್ ರ‍್ಯಾಲಿ ಮಾಡುತ್ತೇವೆ. ನಾಮಫಲಕದಲ್ಲಿ ಕನ್ನಡ ಸಣ್ಣದಾಗಿದ್ದರೆ ಅಂಗಡಿ ಮುಂದೆ ನಿಂತು ಕೇಳುತ್ತೇವೆ. ಕೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮದೇ ಕೋಣೆಯಲ್ಲಿ, ನಮ್ಮದೇ ಮೇಜಿನ ಮೇಲೆ, ನಮ್ಮದೇ ದುಡ್ಡಿನ ಯಂತ್ರದ ಮುಂದೆ ನಾವೇ ಕನ್ನಡವನ್ನು ಬಾಗಿಲಾಚೆ ನಿಲ್ಲಿಸಿದ್ದೇವಲ್ಲ, ಇದನ್ನು ಯಾರು ಕೇಳಬೇಕು?

ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ತಿಪಟೂರಿನ ಕಡೆಯ ಹುಡುಗ. ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದು ಬಾಡಿಗೆ ಕೋಣೆ ಹಿಡಿದವನು. ಕೈಯಲ್ಲೊಂದು ಹಳೆಯ ಲ್ಯಾಪ್‌ಟಾಪ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಆ ಯಂತ್ರಕ್ಕೆ ಅರ್ಹತೆಯೇ ಇಲ್ಲ. ಹೊಸದು ಕೊಳ್ಳಲು ದುಡ್ಡಿಲ್ಲ. ಗೆಳೆಯನೊಬ್ಬ ಲಿನಕ್ಸ್ ಹಾಕಿಕೊಟ್ಟು ಊರಿಗೆ ಹೋದ. ಮಾರನೆಯ ದಿನವೇ ಪೇಚಾಟ ಶುರು. ವೈಫೈ ಸಿಕ್ಕಿದೆ ಎಂದು ತೋರಿಸುತ್ತದೆ, ಒಂದು ಪುಟವೂ ತೆರೆಯುವುದಿಲ್ಲ!

ಮೊಬೈಲಿನಲ್ಲಿ ನೆಟ್ ಸಲೀಸಾಗಿ ಬರುತ್ತಿತ್ತು. ಹಾಗಾಗಿ ತಪ್ಪು ಲಿನಕ್ಸಿನದೇ ಎಂದು ತೀರ್ಮಾನಿಸಿದ. ಬಲ್ಲವರನ್ನು ತನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದ. ಒಬ್ಬ 'ಮೊದಲು ಸರಿಯಾಗಿ ಕೇಳುವುದು ಕಲಿ' ಎಂದ. ಇನ್ನೊಬ್ಬ 'ಮ್ಯಾನುಯಲ್ ಓದು' ಎಂದ. ಮೂರನೆಯವನು 'ಮತ್ತೆ ಇನ್‌ಸ್ಟಾಲ್ ಮಾಡು' ಎಂದ. ಎರಡು ಸಲ ಅಳಿಸಿ ಹಾಕಿದ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ 'ಇದು ನನ್ನಂಥವನಿಗಲ್ಲ' ಎಂದು ಮುಚ್ಚಿಟ್ಟ. ಉತ್ತರ ಕೊಟ್ಟ ಮೂವರಲ್ಲಿ ಇಬ್ಬರು ಕನ್ನಡಿಗರೇ ಎಂಬುದು ಅವನಿಗೆ ಗೊತ್ತಾದದ್ದು ಆಮೇಲೆ.

ಕಡೆಗೆ ಪಕ್ಕದ ಬೀದಿಯವನೊಬ್ಬ ಬಂದು ಕೂತ. 'ಗಾಬರಿಯಾಗಬೇಡ ಮಾರಾಯ, ಹತ್ತಿರದಿಂದ ದೂರಕ್ಕೆ ಒಂದೊಂದೇ ನೋಡುತ್ತಾ ಹೋಗೋಣ' ಎಂದ. ಆ ಒಂದೊಂದನ್ನೂ ನೀವೂ ತಿಳಿದಿರಿ, ನಾಳೆ ನಿಮ್ಮ ಮನೆಗೇ ಬೇಕಾದೀತು.

ಮೊದಲು, ಕಂಪ್ಯೂಟರಿಗೆ ವೈಫೈ ಕಾಣುತ್ತಿದೆಯೇ? ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಆರಿಸುವ ಕೀಲಿಯೇ ಇರುತ್ತದೆ, ಗೊತ್ತಿಲ್ಲದೆ ಒತ್ತಿರಬಹುದು. ಎರಡು, ರೌಟರ್ ನಿಮ್ಮ ಯಂತ್ರಕ್ಕೆ ಐಪಿ ನಂಬರ್ ಕೊಟ್ಟಿದೆಯೇ? ಮನೆಯಲ್ಲಿ ಅದು ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ. ನಂಬರೇ ಇಲ್ಲದಿದ್ದರೆ, ಅಥವಾ 169.254 ಎಂದು ಶುರುವಾದರೆ, ರೌಟರಿನಿಂದ ನಂಬರ್ ಬಂದಿಲ್ಲವೆಂದೇ ಅರ್ಥ. ಮೂರು, ಟರ್ಮಿನಲ್ ತೆರೆದು ರೌಟರಿಗೆ ಪಿಂಗ್ ಮಾಡಿ. ಪಿಂಗ್ ಎಂದರೆ 'ಇದ್ದೀಯಾ?' ಎಂದು ಕೂಗಿ ಕೇಳಿದ ಹಾಗೆ. ನಾಲ್ಕು, ಹೊರಗಿನ ನಂಬರೊಂದಕ್ಕೆ, ಉದಾಹರಣೆಗೆ 8.8.8.8ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಮನೆಯಿಂದ ಹೊರಗಿನವರೆಗೆ ದಾರಿ ಸರಿಯಿದೆ. ಐದು, ನಂಬರ್ ಬಿಟ್ಟು ಯಾವುದಾದರೂ ವೆಬ್‌ಸೈಟಿನ ಹೆಸರಿಗೆ ಪಿಂಗ್ ಮಾಡಿ. ನಂಬರಿಗೆ ಓಗೊಟ್ಟದ್ದು ಹೆಸರಿಗೆ ಓಗೊಡದಿದ್ದರೆ, ಕೆಟ್ಟಿರುವುದು ಹೆಸರನ್ನು ನಂಬರಿಗೆ ಬದಲಿಸುವ ವ್ಯವಸ್ಥೆ. ಅದನ್ನೇ ಡಿಎನ್‌ಎಸ್ ಎನ್ನುವುದು.

ಹುಡುಗನ ಕಂಪ್ಯೂಟರ್ ಐದನೆಯ ಮೆಟ್ಟಿಲಲ್ಲಿ ಎಡವಿತು. ತೆರೆಯ ಮೇಲೆ 'ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್' ಎಂದು ಬಂತು. ಇದೇ ಸಾಲು ಅವನಿಗೆ ಹತ್ತು ಸಲ ಕಂಡಿತ್ತಂತೆ! ರೋಗ ಯಾವುದೆಂದು ಯಂತ್ರವೇ ಹೇಳುತ್ತಿತ್ತು. 'ಹೆಸರಿಗೆ ನಂಬರ್ ಸಿಗುತ್ತಿಲ್ಲ ಅಂತಿದೆ, ಅಷ್ಟೇ' ಎಂದು ಕನ್ನಡದಲ್ಲಿ ಹೇಳುವ ಒಬ್ಬನೂ ಅವನಿಗೆ ಸಿಕ್ಕಿರಲಿಲ್ಲ. ಅವನದು ಸೆಕೆಂಡ್ ಹ್ಯಾಂಡ್ ರೌಟರ್. ಹಿಂದೆ ಬಳಸಿದವರು ಅದರಲ್ಲಿ ಯಾವುದೋ ಹಳೆಯ ಡಿಎನ್‌ಎಸ್ ನಂಬರ್ ತುಂಬಿಟ್ಟಿದ್ದರು. ಮೊಬೈಲ್ ಮಾತ್ರ ವೈಫೈನಲ್ಲಿ ನೆಟ್ ಸಿಗದ್ದು ಕಂಡು ಸದ್ದಿಲ್ಲದೆ ಸಿಮ್ಮಿನ ನೆಟ್ಟಿಗೆ ಹಾರಿಕೊಂಡಿತ್ತು. ಬ್ರೌಸರಿನಲ್ಲಿ ರೌಟರಿನ ನಂಬರ್ ಬರೆದು, ಒಳಹೊಕ್ಕು, ಆ ಹಳೆಯ ಡಿಎನ್‌ಎಸ್ ತೆಗೆದು ಆಟೊಮ್ಯಾಟಿಕ್ ಮಾಡಿದರು. ಹದಿನೈದು ನಿಮಿಷದ ಕೆಲಸ! ತಪ್ಪು ಲಿನಕ್ಸಿನದಲ್ಲ, ಹುಡುಗನದೂ ಅಲ್ಲ. ಆದರೆ ದಡ್ಡ ಎನಿಸಿಕೊಂಡವನು ಅವನು.

ಇಂಥ ಹುಡುಗರು, ಹುಡುಗಿಯರು ಎಷ್ಟು ಮಂದಿ ಸುಮ್ಮನೆ ಮುಚ್ಚಿಟ್ಟಿರಬಹುದು, ಯೋಚಿಸಿ. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ. ಕನ್ನಡದಲ್ಲಿ ಕೇಳಲು ಒಂದು ಬಾಗಿಲು ಇರಲಿಲ್ಲ. ಐಟಿ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವ ಊರಿನಲ್ಲಿ ಈ ಮಾತು ಬರೆಯಬೇಕಾಯಿತಲ್ಲ!

ಇದರಲ್ಲಿ ನಾಚಿಕೆಯ ಸಂಗತಿ ಇನ್ನೊಂದಿದೆ. ಲಿನಕ್ಸ್ ಯಾವ ಕಂಪನಿಯ ಪಿತ್ರಾರ್ಜಿತ ಆಸ್ತಿಯೂ ಅಲ್ಲ. ಬಳಸುವವರಿಗೆ ತಂತ್ರಾಂಶವನ್ನು ತಿದ್ದುವ, ಹಂಚುವ ಸ್ವಾತಂತ್ರ್ಯ ಬೇಕೆಂದು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಬರೆದರು. ಅವರ ಮನೆಮಾತು ಇಂಗ್ಲಿಷಲ್ಲ, ಫಿನ್ಲೆಂಡಿನಲ್ಲಿ ಅಲ್ಪಸಂಖ್ಯಾತರು ಆಡುವ ಸ್ವೀಡಿಷ್. ಅದೇ 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಜಾಗ ಸಿಕ್ಕಿತು. ಇವತ್ತು ಡೆಬಿಯನ್ ಲಿನಕ್ಸಿನಲ್ಲಿ ಗುಬ್ಬಿ, ನವಿಲು ಎಂಬ ಚೆಂದದ ಕನ್ನಡ ಫಾಂಟುಗಳು ಬಿಟ್ಟಿ ಸಿಗುತ್ತವೆ. ಗ್ನೋಮ್, ಕೆಡಿಇ ಪರದೆಗಳನ್ನು ಒಂದಷ್ಟು ಕನ್ನಡಕ್ಕೆ ತಂದವರಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ನಡುವೆ ಕೂತು ಕನ್ನಡ ತಂತ್ರಾಂಶಕ್ಕಾಗಿ ದನಿ ಎತ್ತಿದ್ದರು. ಇಲ್ಲಿ ಕನ್ನಡ ತರಲು ಯಾವ ಮಂತ್ರಿಗೂ ಮನವಿಪತ್ರ ಕೊಡಬೇಕಿಲ್ಲ, ಯಾವ ಕಂಪನಿಯ ಗೇಟಿನ ಮುಂದೆಯೂ ಧರಣಿ ಕೂರಬೇಕಿಲ್ಲ. ಬಾಗಿಲು ತೆರೆದೇ ಇದೆ. ಒಳಗೆ ಹೋಗದವರು ನಾವು.

'ಹೇಗೂ ಇಂಗ್ಲಿಷ್ ಕಲಿಯಲೇಬೇಕಲ್ಲ ಸ್ವಾಮಿ' ಎನ್ನುವವರಿದ್ದಾರೆ. ಕಲಿಯಲಿ, ಬೇಡವೆಂದವರು ಯಾರು? ಆದರೆ ಇಂಗ್ಲಿಷ್ ಕಲಿತ ಮೇಲೆಯೇ ರೌಟರ್ ರಿಪೇರಿ ಎಂದರೆ ಅದು ಯಾವ ನ್ಯಾಯ? ನಮ್ಮವರಲ್ಲೇ ಇನ್ನೊಂದು ಪಂಗಡವಿದೆ. ರೌಟರ್ ಎಂದರೆ ಮೈಲಿಗೆ, ಅದಕ್ಕೊಂದು ಗಂಟಲು ಹಿಡಿಯುವ ಸಂಸ್ಕೃತ ಪದ ಹೊಸೆಯಬೇಕು ಎನ್ನುವವರು. ಅವರಿಗೆ ಕೈಮುಗಿದು ಹೇಳುತ್ತೇನೆ, ರೌಟರ್ ರೌಟರೇ ಆಗಿರಲಿ, ಪಿಂಗ್ ಪಿಂಗೇ ಆಗಿರಲಿ. ಬಸ್ಸು, ಟಿಕೆಟ್ಟು, ಕಾಫಿ ನಮ್ಮವಾಗಲಿಲ್ಲವೇ? ಹುಡುಗನಿಗೆ ಬೇಕಾದದ್ದು ಹೊಸ ಪದವಲ್ಲ, ಅರ್ಥವಾಗುವ ವಾಕ್ಯ.

ಹಾಗಾದರೆ ಏನು ಮಾಡಬೇಕು?

ಕೇಳುವವರೇ, ಕನ್ನಡದಲ್ಲಿ ಕೇಳಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಬೇಡಿ, ಕನ್ನಡ ಲಿಪಿಯಲ್ಲೇ ಬರೆಯಿರಿ. ಮುಂದೆ ಇದೇ ತೊಂದರೆಗೆ ಸಿಕ್ಕಿ ಕನ್ನಡದಲ್ಲಿ ಹುಡುಕುವವನಿಗೆ ಅದು ಸಿಗಬೇಕು. 'ನೆಟ್ ಬರ್ತಿಲ್ಲ' ಎಂದಷ್ಟೇ ಹೇಳಿದರೆ ಬ್ರಹ್ಮನಿಗೂ ತಿಳಿಯದು. ಯಾವ ಲಿನಕ್ಸ್, ಎಷ್ಟನೆಯ ಆವೃತ್ತಿ, ಕೆಡುವ ಮುಂಚೆ ಏನು ಬದಲಾಯಿಸಿದಿರಿ, ಮೇಲಿನ ಐದರಲ್ಲಿ ಎಲ್ಲಿಗೆ ನಿಂತಿತು, ಎಲ್ಲವನ್ನೂ ಹೇಳಿ. ತೆರೆಯ ಮೇಲೆ ಬಂದ ದೋಷದ ಸಾಲನ್ನು ಮಾತ್ರ ಇದ್ದದ್ದು ಇದ್ದ ಹಾಗೆ, ಒಂದಕ್ಷರ ಬಿಡದೆ ಕೊಡಿ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಸೂಡೊ ಎಂದು ಶುರುವಾಗುವ ಆಜ್ಞೆಯನ್ನು ಅರ್ಥ ತಿಳಿಯದೆ ಒತ್ತಬೇಡಿ. ಅದು ಮನೆಯ ಬೀಗದ ಕೈ ಕೊಟ್ಟ ಹಾಗೆ.

ಬಲ್ಲವರೇ, ನಿಮ್ಮ ಜವಾಬ್ದಾರಿ ದೊಡ್ಡದು. 'ಮ್ಯಾನುಯಲ್ ಓದು' ಎನ್ನಬೇಡಿ, ಆ ಮ್ಯಾನುಯಲ್ ಅವನ ಭಾಷೆಯಲ್ಲಿಲ್ಲ. 'ಅಳಿಸಿ ಹಾಕು' ಎನ್ನಬೇಡಿ, ಅದು ಉತ್ತರವಲ್ಲ, ಕೈತೊಳೆದುಕೊಳ್ಳುವುದು. ಒಂದು ಸಲಕ್ಕೆ ಒಂದೇ ಹೆಜ್ಜೆ ಹೇಳಿ, ಯಾಕೆಂದು ಹೇಳಿ. ಸರಿಹೋದ ಮೇಲೆ ಏನು ಕೆಟ್ಟಿತ್ತು, ಹೇಗೆ ಸರಿಹೋಯಿತು ಎಂದು ಹತ್ತು ಸಾಲು ಕನ್ನಡದಲ್ಲಿ ಬರೆದು ಎಲ್ಲರಿಗೂ ಸಿಗುವಂತೆ ಇಡಿ. ನಿಮ್ಮ ಬಡಾವಣೆಯ ಕನ್ನಡ ಸಂಘದ ಕೋಣೆ ವರ್ಷದಲ್ಲಿ ಎಷ್ಟು ದಿನ ಬೀಗ ಹಾಕಿಕೊಂಡಿರುತ್ತದೆ? ತಿಂಗಳಿಗೊಂದು ಭಾನುವಾರ ಅದನ್ನು ತೆರೆಯಿರಿ. ಎರಡು ಮೇಜು, ಒಂದು ರೌಟರ್, ಬಲ್ಲವರು ಇಬ್ಬರು ಇದ್ದರೆ ಸಾಕು.

1982ರಲ್ಲಿ ಗೋಕಾಕ್ ಚಳವಳಿಗಾಗಿ ನಿಮ್ಮ ಅಪ್ಪ, ಚಿಕ್ಕಪ್ಪಂದಿರು ಬೀದಿಗಿಳಿದರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಜಾಗ ಬೇಕೆಂದು ಕೇಳಿದರು. ನಿಮ್ಮನ್ನು ಯಾರೂ ಬೀದಿಗೆ ಕರೆಯುತ್ತಿಲ್ಲ, ಲಾಠಿ ಏಟು ತಿನ್ನಿ ಎನ್ನುತ್ತಿಲ್ಲ. ಒಬ್ಬ ಹೊಸಬನ ಪಕ್ಕ ಹದಿನೈದು ನಿಮಿಷ ಕೂತು ಕನ್ನಡದಲ್ಲಿ ಮಾತಾಡಿ ಎನ್ನುತ್ತಿದ್ದೇವೆ. ಅಷ್ಟೂ ಆಗದಿದ್ದರೆ ಆ ಶಾಲು ಯಾಕೆ, ಆ ರ‍್ಯಾಲಿ ಯಾಕೆ?

ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಹೇಳಿ. ಸಿರಿಗನ್ನಡಂ ಗೆಲ್ಗೆ!