ಕೂಗು ಕೇಳಿಸಿದ ಮೇಲೆ ನೆಪಕ್ಕೆ ಎಡೆಯಿಲ್ಲ

ನೀರಿನಲ್ಲಿ ಮುಳುಗುತ್ತಿರುವವನೊಬ್ಬ ಸಹಾಯಕ್ಕಾಗಿ ಕೂಗಿದರೆ, ಅವನನ್ನು ಕಾಪಾಡಬಲ್ಲವನು ನಮಾಝಿನಲ್ಲಿದ್ದರೂ ಅದನ್ನು ಮುರಿದು ಓಡಬೇಕು ಎಂಬುದು ಫಿಕ್ಹ್ ಕಲಿತವರೆಲ್ಲರಿಗೂ ತಿಳಿದ ವಿಧಿ. ಅವನು ನೀರಿಗೆ ಇಳಿದದ್ದೇಕೆ, ಯಾರನ್ನು ಕೇಳಿ ಇಳಿದ ಎಂಬ ವಿಚಾರಣೆ ಅಲ್ಲಿಲ್ಲ. ಕೂಗು ಕಿವಿಗೆ ಬಿದ್ದ ಕ್ಷಣದಿಂದಲೇ ಹೊಣೆ ಹೆಗಲೇರುತ್ತದೆ. ಅಲ್ಲಾಹನ ಸನ್ನಿಧಿಯಲ್ಲಿ ನಿಂತವನಿಗೂ ವಿನಾಯಿತಿಯಿಲ್ಲದ ಈ ಹೊಣೆಯಿಂದ ಕಚೇರಿಯ ಕುರ್ಚಿಯಲ್ಲಿ ಕುಳಿತವರು ತಮಗೆ ತಾವೇ ವಿನಾಯಿತಿ ಕೊಟ್ಟುಕೊಂಡರೆ ಏನಾಗುತ್ತದೆ? ಮೆಡಿಟರೇನಿಯನ್ ಸಮುದ್ರದ ತಳವೇ ಅದಕ್ಕೆ ಉತ್ತರ. 2014ರಿಂದೀಚೆಗೆ ಅಲ್ಲಿ 28 ಸಾವಿರಕ್ಕೂ ಹೆಚ್ಚು ವಲಸಿಗರು ಸತ್ತಿದ್ದಾರೆ ಅಥವಾ ಕಾಣೆಯಾಗಿದ್ದಾರೆ.

2013ರ ಅಕ್ಟೋಬರ್ 11ರಂದು ಲಿಬಿಯಾದಿಂದ ಹೊರಟ ದೋಣಿಯೊಂದರಲ್ಲಿ ನೀರು ತುಂಬತೊಡಗಿತು. ಅದರಲ್ಲಿದ್ದವರಲ್ಲಿ ಹೆಚ್ಚಿನವರು ಯುದ್ಧದಿಂದ ತಪ್ಪಿಸಿಕೊಂಡು ಬಂದ ಸಿರಿಯಾದ ಕುಟುಂಬಗಳು. ದೋಣಿಯಲ್ಲಿದ್ದ ವೈದ್ಯರೊಬ್ಬರು ಉಪಗ್ರಹ ಫೋನಿನಿಂದ ರೋಮ್‌ಗೆ ಮತ್ತೆ ಮತ್ತೆ ಕರೆ ಮಾಡಿದರು. ಮಾಲ್ಟಾಗೆ ಕರೆ ಮಾಡಿ ಎಂಬುದು ಅವರಿಗೆ ಸಿಕ್ಕ ಉತ್ತರ. ಇಟಲಿಯ ನೌಕಾಪಡೆಯ ಹಡಗು ಸಮೀಪದಲ್ಲೇ ಇತ್ತು. ಅದನ್ನು ಕಳುಹಿಸುವಷ್ಟರಲ್ಲಿ ದೋಣಿ ಮಗುಚಿತು. ಸುಮಾರು 60 ಮಕ್ಕಳೂ ಸೇರಿ 268 ಮಂದಿ ಪ್ರಾಣ ಕಳೆದುಕೊಂಡರು. ಇಟಲಿ ಅವರ ಜೀವದ ಹಕ್ಕನ್ನು ರಕ್ಷಿಸಲಿಲ್ಲವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಹೇಳಿದ್ದು 2021ರಲ್ಲಿ.

ಈ ದುರಂತದ ಮರುವರ್ಷ, 2014ರ ಅಕ್ಟೋಬರ್‌ನಲ್ಲಿ, ‘ಅಲಾರ್ಮ್ ಫೋನ್’ ಎಂಬ ಸಹಾಯವಾಣಿ ಆರಂಭವಾಯಿತು. ಅದನ್ನು ನಡೆಸುವವರು ಸ್ವಯಂಸೇವಕರು. ಅವರಲ್ಲಿ ಯೂರೋಪಿನವರಿದ್ದಾರೆ, ಉತ್ತರ ಆಫ್ರಿಕಾದವರಿದ್ದಾರೆ, ಹಿಂದೊಮ್ಮೆ ತಾವೇ ಇಂಥ ಗಡಿ ದಾಟಿ ಬಂದವರೂ ಇದ್ದಾರೆ. ಅವರ ಬಳಿ ರಕ್ಷಣಾ ಹಡಗಿಲ್ಲ. ಇರುವುದು ಹಗಲಿರುಳು ತೆರೆದಿರುವ ಒಂದು ಫೋನ್ ಸಂಖ್ಯೆ ಮಾತ್ರ. ಕರೆ ಬಂದಾಗ ದೋಣಿ ಎಲ್ಲಿದೆ, ಎಷ್ಟು ಜನರಿದ್ದಾರೆ, ಎಂಜಿನ್ ನಡೆಯುತ್ತಿದೆಯೇ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಅದನ್ನು ಕರಾವಳಿ ಕಾವಲು ಪಡೆಗಳಿಗೆ ತಲುಪಿಸುತ್ತಾರೆ. ದೋಣಿಯವರ ಫೋನಿಗೆ ತಾವೇ ಹಣ ತುಂಬುತ್ತಾರೆ. ಅಧಿಕಾರಿಗಳು ಸುಮ್ಮನಿದ್ದರೆ ವಿಷಯವನ್ನು ಜಗತ್ತಿನ ಮುಂದಿಡುತ್ತಾರೆ.

ಫೋನ್ ಹಿಡಿದು ಕುಳಿತವರಿಂದ ಯಾರು ಬದುಕುತ್ತಾರೆ ಎಂದು ಕೇಳುವವರಿದ್ದಾರೆ. ಅವರ ಕರೆಯ ಬೆನ್ನಲ್ಲೇ ಹಡಗು ಬಂದು ಬದುಕಿದವರೂ ಇದ್ದಾರೆ. ಆದರೆ ಹಡಗು ಬಾರದಾಗಲೂ ಅವರ ಕೆಲಸ ವ್ಯರ್ಥವಲ್ಲ. ‘ನಮಗೆ ಗೊತ್ತಿರಲಿಲ್ಲ’ ಎಂಬ ನೆಪವನ್ನು ಅವರು ಅಧಿಕಾರಸ್ಥರ ಬಾಯಿಂದ ಕಿತ್ತುಕೊಳ್ಳುತ್ತಾರೆ.

2023ರ ಜೂನ್ 13ರಂದು ಗ್ರೀಸ್‌ನ ಪೈಲೋಸ್ ಬಳಿಯ ಸಮುದ್ರದಲ್ಲಿದ್ದ ‘ಆಡ್ರಿಯಾನಾ’ ಎಂಬ ಮೀನುಗಾರಿಕಾ ದೋಣಿಯಿಂದ ಈ ಸಹಾಯವಾಣಿಗೆ ಕರೆ ಬಂತು. ಸುಮಾರು 750 ಮಂದಿ ಅದರಲ್ಲಿದ್ದರು. ಪಾಕಿಸ್ತಾನ, ಈಜಿಪ್ಟ್, ಸಿರಿಯಾ, ಫೆಲೆಸ್ತೀನ್‌ನವರು. ದೋಣಿಯಿದ್ದ ಸ್ಥಳವನ್ನು ಸ್ವಯಂಸೇವಕರು ಅಂದೇ ಗ್ರೀಸ್‌ನ ಅಧಿಕಾರಿಗಳಿಗೆ ತಿಳಿಸಿದರು. ಯೂರೋಪಿನ ಗಡಿಪಡೆಯ ವಿಮಾನವೂ ಅದನ್ನು ಕಂಡಿತ್ತು. ಹೀಗಿದ್ದೂ ಆ ರಾತ್ರಿ ಕಾವಲು ಪಡೆಯ ಕಣ್ಣೆದುರೇ ದೋಣಿ ಮಗುಚಿತು. ಬದುಕಿದವರು 104 ಮಂದಿ. ಅವರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ದೋಣಿಯವರೇ ಸಹಾಯ ಬೇಡವೆಂದರು ಎಂಬುದು ಅಧಿಕಾರಿಗಳ ಸಮರ್ಥನೆ. ಮಿತಿಮೀರಿ ತುಂಬಿದ ದೋಣಿಯನ್ನು ನೋಡಿದ ಮೇಲೆ ರಕ್ಷಣೆಗೆ ಅರ್ಜಿ ಬೇಕೇ? ಅಂದು ಸಹಾಯವಾಣಿಯ ದಾಖಲೆ ಇರದಿದ್ದರೆ ಈ ಪ್ರಶ್ನೆಯನ್ನು ಕೇಳುವ ಆಧಾರವೂ ನಮಗೆ ಇಷ್ಟು ದೊರೆಯುತ್ತಿರಲಿಲ್ಲ.

ಇಂಥ ಸಹಾಯವೇ ಜನರನ್ನು ಸಮುದ್ರಕ್ಕೆ ಸೆಳೆಯುತ್ತದೆ ಎಂಬುದು ಇನ್ನೊಂದು ಆಪಾದನೆ. ಇಟಲಿ ತನ್ನ ‘ಮಾರೆ ನೋಸ್ತ್ರುಮ್’ ಎಂಬ ರಕ್ಷಣಾ ಕಾರ್ಯಾಚರಣೆಯನ್ನು 2014ರ ಕೊನೆಗೆ ನಿಲ್ಲಿಸಿತು. ಜನರು ಬರುವುದು ನಿಂತಿತೇ? ಮರುವರ್ಷ ಸಮುದ್ರದ ಮೂಲಕ ಯೂರೋಪ್ ತಲುಪಿದವರು 10 ಲಕ್ಷಕ್ಕೂ ಅಧಿಕ. 2015ರ ಏಪ್ರಿಲ್ 18ರ ಒಂದೇ ರಾತ್ರಿ 800ಕ್ಕೂ ಹೆಚ್ಚು ಮಂದಿ ಮುಳುಗಿದರು. ರಕ್ಷಕರನ್ನು ಹಿಂದಕ್ಕೆ ಕರೆದದ್ದರಿಂದ ಯುದ್ಧವೂ ನಿಲ್ಲಲಿಲ್ಲ, ಹಸಿವೂ ತಣಿಯಲಿಲ್ಲ. ತನ್ನ ಮಗುವನ್ನು ಎತ್ತಿಕೊಂಡು ಅಂಥ ದೋಣಿ ಹತ್ತುವ ತಾಯಿ ಯಾವುದೋ ಫೋನ್ ಸಂಖ್ಯೆಯ ಆಸೆಗೆ ಹತ್ತುವುದಿಲ್ಲ.

ಹಾಗೆಂದು ಯೂರೋಪನ್ನು ದೂಷಿಸಿ ಕೈತೊಳೆದುಕೊಳ್ಳುವ ಹಕ್ಕು ನಮಗಿಲ್ಲ. 2015ರ ಮೇ ತಿಂಗಳಿನಲ್ಲಿ ಸಾವಿರಾರು ರೋಹಿಂಗ್ಯಾ ಮತ್ತು ಬಾಂಗ್ಲಾದೇಶಿ ವಲಸಿಗರು ಅಂಡಮಾನ್ ಸಮುದ್ರದಲ್ಲಿ ಅನ್ನ ನೀರಿಲ್ಲದೆ ತೇಲುತ್ತಿದ್ದಾಗ, ಆರಂಭದಲ್ಲಿ ಅವರ ದೋಣಿಗಳನ್ನು ಹಿಂದಕ್ಕೆ ತಳ್ಳಿದವರಲ್ಲಿ ಥಾಯ್ಲೆಂಡ್‌ನೊಂದಿಗೆ ಮಲೇಷ್ಯಾ ಮತ್ತು ಇಂಡೋನೇಷ್ಯಾ ಕೂಡ ಇದ್ದವು. ಉಮ್ಮತ್‌ನ ಮಾತಾಡುವ ಸರಕಾರಗಳು ಬೆನ್ನು ತಿರುಗಿಸಿದಾಗ ನೂರಾರು ಮಂದಿಯನ್ನು ದಡ ಸೇರಿಸಿದವರು ಆಚೆ ಪ್ರಾಂತ್ಯದ ಬಡ ಮೀನುಗಾರರು. ಸಂಕಟದಲ್ಲಿರುವವರನ್ನು ಸಮುದ್ರದಲ್ಲಿ ಬಿಟ್ಟು ಬರಬಾರದೆಂಬುದು ಅವರ ಹಿರಿಯರ ಕಟ್ಟಳೆ.

ನಮ್ಮ ಇತಿಹಾಸದ ಮೊದಲ ಹಿಜ್ರತ್ ನಡೆದದ್ದೂ ಸಮುದ್ರದ ಮೇಲೆಯೇ. ಮಕ್ಕಾದ ಹಿಂಸೆ ತಾಳಲಾರದೆ ಪ್ರವಾದಿ(ಸ)ಯವರ ಅನುಚರರು ದೋಣಿಯೇರಿ ಅಬಿಸೀನಿಯಾಕ್ಕೆ ಹೋದರು. ಕುರೈಶರು ಉಡುಗೊರೆಗಳೊಂದಿಗೆ ಬೆನ್ನಟ್ಟಿ ಬಂದು ಅವರನ್ನು ಒಪ್ಪಿಸುವಂತೆ ಕೇಳಿದಾಗ, ಕ್ರೈಸ್ತ ದೊರೆ ನಜ್ಜಾಶಿ ಮೊದಲು ನಿರಾಶ್ರಿತರ ಮಾತನ್ನು ಆಲಿಸಿದನು, ಬಳಿಕ ಉಡುಗೊರೆಗಳನ್ನು ಮರಳಿಸಿದನು. ಆಲಿಸುವವನೊಬ್ಬ ಇದ್ದುದರಿಂದ ಉಳಿದ ಸಮುದಾಯ ನಮ್ಮದು. ಇಂದು ಫೋನ್ ಎತ್ತುವವರ ಧರ್ಮವನ್ನು ಕೆದಕುವ ಮುನ್ನ ನಾವು ಇದನ್ನು ನೆನೆಯಬೇಕು.

ನಮ್ಮ ಕೈಯಲ್ಲೂ ಫೋನ್ ಇದೆ. ಮುಳುಗುವವರ ವೀಡಿಯೊವನ್ನು ಹತ್ತು ಗುಂಪುಗಳಿಗೆ ಕಳುಹಿಸಿ, ಕೆಳಗೊಂದು ದುಆ ಬರೆದು, ಕರ್ತವ್ಯ ಮುಗಿಯಿತೆಂದು ನಾವು ಮಲಗುತ್ತೇವೆ. ಏಜೆಂಟನಿಗೆ ಹಣ ಕೊಟ್ಟು ಹೋದವರಿಗೆ ಹೀಗೇ ಆಗಬೇಕು ಎಂದು ತೀರ್ಪು ಕೊಡುವವರೂ ನಮ್ಮ ನಡುವೆ ಇದ್ದಾರೆ. ಮಗನನ್ನು ದುಡಿಮೆಗೆಂದು ಗಲ್ಫ್‌ಗೆ ಕಳುಹಿಸಿ, ಅವನ ಕರೆ ಬಾರದ ರಾತ್ರಿ ನಿದ್ದೆಗೆಟ್ಟ ತಾಯಂದಿರು ಇರುವ ಮನೆಗಳಿಂದ ಇಂಥ ಮಾತು ಹೊರಡಬಾರದು. ಈ ತೀರ್ಪುಗಳನ್ನು ನಾವು ಮನೆಯಲ್ಲೂ ಮಸೀದಿಯ ಅಂಗಳದಲ್ಲೂ ಎದುರಿಸಬೇಕು. ಜುಮಾ ಖುತ್ಬಾಗಳಲ್ಲಿ ಪೈಲೋಸ್‌ನಂತೆಯೇ ಅಂಡಮಾನ್ ಸಮುದ್ರದ ಹೆಸರೂ ಕೇಳಿಬರಬೇಕು. ಜೀವ ಉಳಿಸುವವರ ಪರವಾಗಿ, ಅವರು ಯಾರೇ ಆಗಿರಲಿ, ನಾವು ಬಹಿರಂಗವಾಗಿ ಸಾಕ್ಷಿ ನುಡಿಯಬೇಕು.

ಸಮುದ್ರದಲ್ಲಿ ಅಲೆಗಳು ಸುತ್ತುವರಿದಾಗ ಅಲ್ಲಾಹನನ್ನು ಕೂಗಿ, ದಡ ಸೇರಿದೊಡನೆ ಅವನನ್ನು ಮರೆಯುವವರ ಕುರಿತು ಪವಿತ್ರ ಕುರ್‌ಆನ್ ಎಚ್ಚರಿಸುತ್ತದೆ. ನಾವು ದಡದಲ್ಲಿರುವವರು. ನಾಳೆ ಪರಲೋಕದಲ್ಲಿ ‘ನಮ್ಮ ಕೈಗೆಟುಕಲಿಲ್ಲ’ ಎಂದು ನಾವು ಹೇಳಬಹುದೇನೋ, ‘ನಮಗೆ ಕೇಳಿಸಲಿಲ್ಲ’ ಎಂದು ಹೇಳಲಾರೆವು.