ಬ್ಯಾಟರಿ ದೋಣಿ ಬಿಟ್ಟಾಕ್ಷಣ ಹೊಳೆ ಹಸಿರಾಗಲ್ಲ



ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ನಮ್ಮ ಯಸಳೂರು ಕಡೆಯ ಒಂದು ವಾಟ್ಸ್‌ಆ್ಯಪ್ ಗುಂಪಲ್ಲಿ ದೊಡ್ಡ ಚರ್ಚೆ. ಹೊಳೆ, ಹಿನ್ನೀರುಗಳಲ್ಲಿ ದೋಣಿ ವಿಹಾರ ಬೆಳೆಸ್ಬೇಕಂತೆ, ಆದ್ರೆ "ಪರಿಸರಸ್ನೇಹಿ"ಯಾಗಿ ಬೆಳೆಸ್ಬೇಕಂತೆ. ಬ್ಯಾಟರಿ ಮೋಟಾರು, ಸೋಲಾರ್ ಚಾವಣಿ, ಪ್ಲಾಸ್ಟಿಕ್ ನಿಷೇಧ, ಎಲ್ಲಾ ಬಂತು. ನಾನು ಒಂದೇ ಪ್ರಶ್ನೆ ಹಾಕಿದೆ: ದಡದಲ್ಲಿ ಕಟ್ಟೋ ಕಕ್ಕಸಿನ ಗುಂಡಿ ತುಂಬಿದ ದಿನ ಯಾರನ್ನ ಕರೀತೀರಿ? ಗುಂಪು ತಣ್ಣಗಾಯ್ತು. ಅರ್ಧ ಗಂಟೆ ಬಿಟ್ಟು ಒಬ್ಬ ಪ್ಲಾಂಟರ್ ಸ್ನೇಹಿತರು ಬರೆದರು: "ಎಲ್ಲದಕ್ಕೂ ಜಾತಿ ತರ್ತೀರಲ್ಲ, ದೋಣಿಗೂ ನಿಮ್ಮ ಚಳವಳಿಗೂ ಏನ್ರೀ ಸಂಬಂಧ?"

ಸಂಬಂಧ ಹೇಳ್ತೀನಿ ಕೇಳಿ.

1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರ ಕೈಯಲ್ಲಿ ಕಾರ್ಮಿಕ ಖಾತೆ ಮಾತ್ರ ಇರಲಿಲ್ಲ, ನೀರಾವರಿ, ವಿದ್ಯುತ್ತೂ ಇತ್ತು. 1945ರಲ್ಲಿ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗ ಹುಟ್ಟಿದ್ದು ಅವರ ಇಲಾಖೆಯಡಿ. ಇವತ್ತಿನ ಕೇಂದ್ರ ಜಲ ಆಯೋಗದ ಬೇರು ಅದೇ. ಅದೇ ವರ್ಷ ನವೆಂಬರಲ್ಲಿ ಕಟಕ್‌ನಲ್ಲಿ ಒರಿಸ್ಸಾದ ನದಿಗಳ ಬಗ್ಗೆ ಮಾತಾಡುವಾಗ, ನೆರೆ ನೀರನ್ನ ಹೇಗಾದ್ರೂ ಸಮುದ್ರಕ್ಕೆ ಅಟ್ಟೋ ಯೋಚನೆ ಬಿಡಿ, ನೀರು ಅಂದ್ರೆ ಜನರ ಸಂಪತ್ತು, ನೀರಾವರಿಗೂ ವಿದ್ಯುತ್ತಿಗೂ ನೌಕಾಯಾನಕ್ಕೂ ಒಟ್ಟಿಗೆ ಆಗೋ ಹಾಗೆ ಅದನ್ನ ಹಿಡಿದಿಡಿ ಅನ್ನೋ ಅರ್ಥದಲ್ಲಿ ವಾದ ಮಾಡಿದರು. 1927ರಲ್ಲಿ ಮಹಾಡದ ಕೆರೆ ನೀರು ಮುಟ್ಟೋ ಹಕ್ಕಿಗೆ ನಿಂತ ಮನುಷ್ಯ, ಹದಿನೆಂಟು ವರ್ಷದ ಮೇಲೆ ದೇಶದ ನದಿಗಳಲ್ಲಿ ದೋಣಿ ಹೇಗೆ ಓಡ್ಬೇಕು ಅಂತ ಯೋಚಿಸ್ತಿದ್ರು. ನಮಗೆ ದೋಣಿ ಸಂಬಂಧ ಇಲ್ವಂತೆ!

ಹಾಗಾಗಿ ನಾನು ದೋಣಿಗೂ ವಿರೋಧಿ ಅಲ್ಲ, ಸರಕು ಸಾಗಿಸೋ ಬಾರ್ಜಿಗೂ ವಿರೋಧಿ ಅಲ್ಲ. ಸರ್ಕಾರದವರೇ ಕೊಡೋ ಲೆಕ್ಕ ಇದೆ: ಒಂದು ಲೀಟರ್ ಡೀಸೆಲ್‌ಗೆ ಒಂದು ಟನ್ ಸರಕು ರಸ್ತೆಯಲ್ಲಿ 24 ಕಿಲೋಮೀಟರ್, ರೈಲಲ್ಲಿ 85, ನೀರಲ್ಲಿ 105 ಹೋಗುತ್ತೆ. ಶಿರಾಡಿ ಘಾಟಿಯಲ್ಲಿ ಲಾರಿ ಸಾಲಿನ ಹಿಂದೆ ಹೊಗೆ ಕುಡಿದವರಿಗೆ ಈ ಲೆಕ್ಕ ಹಿಡಿಸದೆ ಇರಲ್ಲ.

ಆದ್ರೆ ದೋಣಿ ತೇಲೋದು ಲೆಕ್ಕದ ಮೇಲಲ್ಲ, ನೀರಿನ ಮೇಲೆ.

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ 111 ಜಲಮಾರ್ಗ ಘೋಷಿಸಿದರು. 74ನೆಯದು ನೇತ್ರಾವತಿ. ಧರ್ಮಸ್ಥಳದಿಂದ ಕಡಲಿನವರೆಗೆ 78 ಕಿಲೋಮೀಟರ್. ಈಗ ಮಂಗಳೂರಿಗೆ ವಾಟರ್ ಮೆಟ್ರೋ ಬೇರೆ ಬರುತ್ತಂತೆ, ನೇತ್ರಾವತಿ, ಗುರುಪುರ ಹೊಳೆಗಳಲ್ಲಿ. ಬರಲಿ. ಆ ನೇತ್ರಾವತಿಗೆ ನೀರು ಎಲ್ಲಿಂದ ಹೋಗುತ್ತೆ? ನಮ್ಮ ಸಕಲೇಶಪುರದ ಗುಡ್ಡದಿಂದಾನೂ ಹೋಗುತ್ತೆ. ಎತ್ತಿನಹೊಳೆ ಕೆಂಪುಹೊಳೆಗೆ ಸೇರಿ, ಗುಂಡ್ಯ ದಾಟಿ, ಕುಮಾರಧಾರೆ ಹಿಡಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕೂಡುತ್ತೆ. ಅದೇ ಎತ್ತಿನಹೊಳೆ ಮತ್ತು ಅಕ್ಕಪಕ್ಕದ ಹಳ್ಳಗಳಿಗೆ ಎಂಟು ಒಡ್ಡು ಕಟ್ಟಿ ಮಳೆಗಾಲದಲ್ಲಿ 24.01 ಟಿಎಂಸಿ ನೀರು ಎತ್ತಿ ಪೂರ್ವಕ್ಕೆ ತಿರುಗಿಸೋ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ಕ್ಕೆ ಉದ್ಘಾಟನೆ ಆಯ್ತು. ಮೇಲುಗಡೆ ನೀರು ಎತ್ತೋರೂ ಇವರೇ, ಕೆಳಗಡೆ ದೋಣಿ ಬಿಡೋರೂ ಇವರೇ. ಎರಡೂ ಫೈಲು ಒಂದೇ ಮೇಜಿನ ಮೇಲೆ ಬಂದಿದ್ದನ್ನ ನೋಡಿದೋರು ಇದ್ರೆ ಹೇಳಿ.

ಇಲ್ಲೊಂದು ಮಾತು ನೇರವಾಗಿ ಹೇಳ್ಬೇಕು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬಾಯಾರಿ ಕೂತಿರೋರಲ್ಲಿ ನಮ್ಮ ಕೇರಿಯವರೇ ಮೊದಲಿಗರು. ಅವರ ಬಿಂದಿಗೆಗೆ ನಾನು ಅಡ್ಡ ನಿಲ್ಲಲ್ಲ. ನೀರು ಹಿಡಿದಿಡಿ ಅಂತ ಬಾಬಾಸಾಹೇಬರೇ ಹೇಳಿಲ್ವಾ ಅಂತ ನೀವು ಕೇಳ್ಬಹುದು. ಹೇಳಿದ್ದಾರೆ. ಆದ್ರೆ ದಾಮೋದರ ಕಣಿವೆಗೆ ಅವರು ಬಯಸಿದ್ದು ಇಡೀ ಕಣಿವೆಯನ್ನ ಮೂಲದಿಂದ ತುದಿವರೆಗೆ ಒಂದೇ ಕಣ್ಣಲ್ಲಿ ನೋಡೋ ಆಡಳಿತ. ಇಲ್ಲಿ ಆಗ್ತಿರೋದು ಒಂದೇ ನೀರನ್ನ ಎರಡು ಸಲ ಲೆಕ್ಕ ಹಿಡಿಯೋ ಕೆಲಸ. ಮಳೆಗಾಲದ ನೆರೆ ತಾನೇ, ಸುಮ್ನೆ ಹರಿದುಹೋಗೋದು ಅಂತಾರೆ. ಹೊಳೆಯ ಹೂಳು ನೂಕೋದು, ಮರಳು ಸಾಗಿಸೋದು ಆ ನೆರೆಯೇ. ಅದು ತಗ್ಗಿದ್ರೆ ನಾಳೆ ದೋಣಿಗೆ ದಾರಿ ಬೇಕು ಅಂತ ಡ್ರೆಜ್ಜಿಂಗ್ ಟೆಂಡರ್ ಕರೀತಾರೆ, ಮೀನು ಮೊಟ್ಟೆಯಿಡೋ ಜಾಗ ಬಗೆದು ಹಾಕ್ತಾರೆ, ಅದಕ್ಕೂ "ಹಸಿರು ಸಾರಿಗೆ" ಅಂತ ಬೋರ್ಡ್ ಹಾಕ್ತಾರೆ.

ಇನ್ನು ವಿಹಾರದ ದೋಣಿಗೆ ಬರೋಣ. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಹಿನ್ನೀರಲ್ಲಿ ಮುಳುಗಿದ ಶೆಟ್ಟಿಹಳ್ಳಿ ಚರ್ಚನ್ನ ಇವತ್ತು ದೇಶವೆಲ್ಲಾ ಫೋಟೋದಲ್ಲಿ ನೋಡಿದೆ. ತೆಪ್ಪದಲ್ಲಿ ಹೋಗಿ ಸೆಲ್ಫಿ ತಗೋತಾರೆ, ಚೆನ್ನಾಗೇ ಇದೆ. ಆದ್ರೆ ಆ ನೀರಡಿ ಮುಳುಗಿದ್ದು ಚರ್ಚೊಂದೇ ಅಲ್ಲ, ಊರುಗಳು. ಊರಿಗೊಂದು ಕೇರಿ ಇತ್ತು. ಕೇರಿಯ ಫೋಟೋ ಯಾರೂ ತೆಗೀಲಿಲ್ಲ, ತೆಗೆಯೋಕೆ ಕಲ್ಲಿನ ಗೋಡೆ ಇರಲಿಲ್ಲ. ಎಚ್‌ಆರ್‌ಪಿ ಜಮೀನು ಅಂದ್ರೆ ಏನು ಅಂತ ಆಲೂರು, ಸಕಲೇಶಪುರದವರಿಗೆ ನಾನು ಬಿಡಿಸಿ ಹೇಳ್ಬೇಕಿಲ್ಲ.

ಪೆಟ್ರೋಲ್ ದೋಣಿಯ ಕೇಡು ನಿಜ, ಅದನ್ನ ಒಪ್ಕೋತೀನಿ. ಹಳೇ ಟೂ-ಸ್ಟ್ರೋಕ್ ಮೋಟಾರು ಕುಡಿದ ಇಂಧನದಲ್ಲಿ ನೂರಕ್ಕೆ ಇಪ್ಪತ್ತೈದು ಮೂವತ್ತರಷ್ಟು ಸುಡದೇ ನೇರ ನೀರಿಗೆ ಉಗುಳುತ್ತೆ. ಅಮೆರಿಕದ ಟಾಹೋ ಸರೋವರದಲ್ಲಿ 1999ರಲ್ಲೇ ಅಂಥವನ್ನ ನಿಷೇಧಿಸಿದರು. ಪಕ್ಕದ ಬೇಲೂರಿನ ಯಗಚಿ ಜಲಾಶಯದಲ್ಲಿ ಸ್ಪೀಡ್ ಬೋಟು, ಜೆಟ್ ಸ್ಕೀ ಓಡ್ತಾವೆ. ಅದೇ ಯಗಚಿ ನೀರನ್ನ ಬೇಲೂರು, ಚಿಕ್ಕಮಗಳೂರು ಕುಡಿಯುತ್ತೆ. ಕುಡಿಯೋ ನೀರಲ್ಲಿ ಓಡೋದೆಲ್ಲಾ ಬ್ಯಾಟರಿದೇ ಆಗ್ಲಿ, ಅದಕ್ಕೆ ನನ್ನ ಎರಡು ಮಾತಿಲ್ಲ.

ಆದ್ರೆ ದೋಣಿ ನೀರಿಗಿಳಿಯೋ ಮೊದಲೇ ನೀರು ಏನಾಗಿದೆ? ನಾನು ಹುಟ್ಟಿ ಬೆಳೆದಿದ್ದು ಎಸ್ಟೇಟಿನ ಲೈನು ಮನೇಲಿ. ಯಾವ ಎಸ್ಟೇಟು ಅನ್ನೋದು ಬೇಡ. ಡಿಸೆಂಬರಿಂದ ಫೆಬ್ರವರಿವರೆಗೆ ಕಾಫಿ ಪಲ್ಪಿಂಗ್. ಆ ತೊಳೆದ ನೀರು ಹಳ್ಳಕ್ಕೆ ಬಿಟ್ರೆ ನೀರು ಕಂದು ಬಣ್ಣಕ್ಕೆ ತಿರುಗ್ತಿತ್ತು, ಹುಳಿ ನಾತ ಹೊಡೀತಿತ್ತು. ಅವ್ವ ಅದೇ ಹಳ್ಳದಲ್ಲಿ ಬಟ್ಟೆ ಒಗೆದು ಮೊಣಕೈವರೆಗೂ ಕೆರ್ಕೊಳ್ಳೋಳು. ಸಣ್ಣ ಮೀನು ಹೊಟ್ಟೆ ಮೇಲಾಗಿ ತೇಲೋವು. ನಮಗೆ ಸಾರಿಗೆ ಸಿಕ್ತು ಅಂತ ಖುಷಿ, ಏನು ಗೊತ್ತಿತ್ತು ಆವಾಗ! ಆ ಹಳ್ಳ ಹೇಮಾವತಿಗೇ ಹೋಗೋದು. ಈಗ ಎಸ್ಟೇಟಿನ ಜೊತೆಗೆ ರೆಸಾರ್ಟು, ಹೋಂಸ್ಟೇ ಸೇರಿವೆ.

ಹೋದ ವರ್ಷ ಒಂದು ಹಿನ್ನೀರಿಗೆ ಅಕ್ಕನ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ. ಚೆಂದದ ಬಿಳಿ ದೋಣಿ, ಲೈಫ್ ಜಾಕೆಟ್ಟು, ಎಲ್ಲಾ ಅಚ್ಚುಕಟ್ಟು. ಹಿಂದುಗಡೆ ಹೋದ್ರೆ ಒಬ್ಬ ಹುಡುಗ ಬರಿಗೈಲಿ ಶೌಚದ ಗುಂಡಿಯ ಚಪ್ಪಡಿ ಎತ್ತಿ ಬಕೆಟ್ ಇಳಿಸ್ತಿದ್ದ. ಊರು ಯಾವ್ದಪ್ಪ ಅಂದೆ. ಹೇಳಿದ. ಕೇರಿ ಕೇಳೋ ಅಗತ್ಯ ಬೀಳಲಿಲ್ಲ. 2013ರ ಕಾಯ್ದೆ ಪ್ರಕಾರ ಅದು ಅಪರಾಧ. 2021ರ ಒಳನಾಡು ಹಡಗುಗಳ ಕಾಯ್ದೆ ದೋಣಿಯ ಕೊಳಚೆ ಇಳಿಸ್ಕೊಳ್ಳೋಕೆ ದಡದಲ್ಲಿ ವ್ಯವಸ್ಥೆ ಇರ್ಬೇಕು ಅನ್ನುತ್ತೆ. ಆ ವ್ಯವಸ್ಥೆಯ ಹೆಸರು ಆ ಹುಡುಗ ಅಂತಾದ್ರೆ, ನಿಮ್ಮ ಸೋಲಾರ್ ಚಾವಣಿ ತಗೊಂಡು ನಾನೇನು ಮಾಡ್ಲಿ?

ಕೇರಳದ ವೈಕಂ ಕಡೆ ಒಂದ್ಸಲ ನೋಡಿ. ದೇವಸ್ಥಾನದ ಸುತ್ತಲ ರಸ್ತೇಲಿ ನಮ್ಮೋರು ನಡೆಯೋ ಹಾಗಿಲ್ಲ ಅಂತ 1924ರಲ್ಲಿ ಸತ್ಯಾಗ್ರಹ ನಡೆದ ಊರು. ಅದೇ ಊರಿಂದ 2017ರಲ್ಲಿ ದೇಶದ ಮೊದಲ ಸೋಲಾರ್ ಫೆರ್ರಿ ದೋಣಿ ಹೊರಡ್ತು, ಹೆಸರು ಆದಿತ್ಯ. 75 ಜನ ಕೂರ್ತಾರೆ. ರೆಸಾರ್ಟಿನ ದೋಣಿ ಅಲ್ಲ ಅದು, ಸರ್ಕಾರಿ ಕಡವು. ಕೂಲಿಯವರು, ಶಾಲೆ ಮಕ್ಕಳು ನಮ್ಮ ಕೆಂಪು ಬಸ್ಸು ಹತ್ತೋ ಹಾಗೆ ಹತ್ತಿ ಇಳೀತಾರೆ. ರಸ್ತೆ ಕೊಡದ ಊರಲ್ಲಿ ದೋಣಿ ಎಲ್ಲರದ್ದಾಯ್ತು.

ನಮ್ಮಲ್ಲಿ ಪ್ರವಾಸೋದ್ಯಮ ಇಲಾಖೆ ಸಬ್ಸಿಡಿ ಕೊಟ್ಟು ನಮ್ಮ ಹುಡುಗರಿಗೆ ಪ್ರವಾಸಿ ಟ್ಯಾಕ್ಸಿ ಕೊಟ್ಟಿಲ್ವಾ? ಹಾಗೇ ಪ್ರವಾಸಿ ದೋಣಿ ಕೊಡಿ. ಮುಳುಗಡೆಯಾದವರ ಮಕ್ಕಳ, ಮೀನು ಹಿಡಿಯೋರ ಸಹಕಾರ ಸಂಘಕ್ಕೆ ಲೈಸೆನ್ಸ್ ಕೊಡಿ, ಗುತ್ತಿಗೆದಾರನಿಗಲ್ಲ. ಗುಂಡಿ ಕೆಲಸ ಯಂತ್ರಕ್ಕೆ, ಚುಕ್ಕಾಣಿ ನಮ್ಮ ಹುಡುಗನ ಕೈಗೆ. ನೀರು ಕೆಡಿಸಿದ್ರೆ ಮೊದಲು ಹೊಟ್ಟೆ ಉರಿಯೋದು ಅದೇ ನೀರು ಕುಡಿಯೋನಿಗೆ, ಅವನಿಗಿಂತ ಒಳ್ಳೆ ಕಾವಲುಗಾರ ಯಾವ ಇಲಾಖೇಲೂ ಸಿಗಲ್ಲ.

ಬರೋ ಗ್ರಾಮಸಭೆಯಲ್ಲಿ ನಾನು ಮೂರು ಪ್ರಶ್ನೆ ಲಿಖಿತವಾಗಿ ಕೊಡ್ತಿದ್ದೀನಿ. ನಮ್ಮ ಪಂಚಾಯ್ತಿ ವ್ಯಾಪ್ತಿಯ ಹಳ್ಳಗಳಿಗೆ ಪಲ್ಪಿಂಗ್ ನೀರು, ರೆಸಾರ್ಟ್ ನೀರು ಎಲ್ಲೆಲ್ಲಿ ಬೀಳ್ತಿದೆ? ಗುಂಡಿಗಳನ್ನ ಯಾರು, ಯಾವುದರಿಂದ ಖಾಲಿ ಮಾಡ್ತಿದ್ದಾರೆ? ದೋಣಿಗೆ ಅನುಮತಿ ಕೊಡೋದಾದ್ರೆ ಯಾರ ಹೆಸರಿಗೆ? ನಿಮ್ಮ ಪಂಚಾಯ್ತೀಲೂ ಕೇಳೋದಿದ್ರೆ ಅರ್ಜಿಯ ನಮೂನೆ ಇನ್‌ಬಾಕ್ಸಲ್ಲಿ ಕಳಿಸ್ತೀನಿ. ಆ ಪ್ಲಾಂಟರ್ ಸ್ನೇಹಿತರಿಗೂ ಒಂದು ಪ್ರತಿ ಈಗಾಗ್ಲೇ ಕಳಿಸಿದ್ದೀನಿ, ಬ್ಲೂ ಟಿಕ್ ಬಂದಿದೆ.