ಇಂಗ್ಲಿಷ್ ಬಿ.ಎ.ಗೆ ಮೇಷ್ಟ್ರ ಕೆಲಸ ಒಂದೇನಾ?

‘ಇಂಗ್ಲಿಷ್ ಬಿ.ಎ. ಮಾಡಿ ಏನಾಗ್ತೀಯಪ್ಪಾ, ಮೇಷ್ಟ್ರಾ?’ ಪದವಿ ಮುಗಿಸಿದ ಹುಡುಗರಿಗೆ ಊರೆಲ್ಲಾ ಕೇಳುವ ಪ್ರಶ್ನೆ ಇದು. ಮೇಷ್ಟ್ರಾಗುವುದೂ ಸುಲಭವಲ್ಲ ಸ್ವಾಮೀ! ಸರ್ಕಾರಿ ಹೈಸ್ಕೂಲಿಗೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೆ ಎಂ.ಎ.ಯಲ್ಲಿ ಶೇಕಡಾ 55 ಅಂಕ, ಅದರ ಮೇಲೆ ನೆಟ್ಟೋ ಕೆ-ಸೆಟ್ಟೋ ಪಿಎಚ್.ಡಿ.ಯೋ ಬೇಕು. ಇದೊಂದೇ ಬಾಗಿಲು ತಟ್ಟುತ್ತಾ ಅತಿಥಿ ಉಪನ್ಯಾಸಕರಾಗಿಯೇ ವಯಸ್ಸು ಕಳೆದವರು ಎಷ್ಟೋ ಮಂದಿ.

ಬೇರೆ ಬಾಗಿಲುಗಳೂ ಇವೆ. ಬ್ಯಾಂಕ್ ಪರೀಕ್ಷೆಗೆ, ಕೆ.ಎ.ಎಸ್.ಗೆ ಯಾವ ಪದವಿಯಾದರೂ ನಡೆಯುತ್ತದೆ. ಇನ್ನು ಮೂರು ವರ್ಷ ಕಾನೂನು ಓದಿದರೆ ವಕೀಲಿಕೆ ಇದೆ. ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಕೆಲಸ ಬಿಟ್ಟು 1980ರಲ್ಲಿ ಕನ್ನಡ ಪತ್ರಿಕೆ ಕಟ್ಟಿದರು. ಬಾನು ಮುಷ್ತಾಕರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ, 50 ಸಾವಿರ ಪೌಂಡಿನಲ್ಲಿ ಅರ್ಧ ಪಾಲು ಅವನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರದು.

ಇವರಿಗೆಲ್ಲ ಅನ್ನ, ಹೆಸರು ಕೊಟ್ಟದ್ದು ಬರೀ ಇಂಗ್ಲಿಷಲ್ಲ, ಜೊತೆಗಿದ್ದ ಕನ್ನಡ. ಜಿ.ಎಸ್.ಟಿ. ನೋಟೀಸು ಇಂಗ್ಲಿಷಿನಲ್ಲಿ ಬಂದರೆ ನಮ್ಮ ಅಂಗಡಿಯವರು ಅದನ್ನು ಹಿಡಿದುಕೊಂಡು ಯಾರ್‍ಯಾರ ಹತ್ತಿರವೋ ಅಲೆಯುತ್ತಾರೆ. ಕಾಲೇಜುಗಳು ನೋಟ್ಸ್ ಉರು ಹೊಡೆಸುವುದನ್ನು ಕಡಿಮೆ ಮಾಡಿ, ಇಂಥ ಕಾಗದವನ್ನು ತಿಳಿಗನ್ನಡಕ್ಕೆ ತರುವುದನ್ನು ಕಲಿಸಲಿ. ಎರಡು ಭಾಷೆ ನೆಟ್ಟಗೆ ಬಲ್ಲವನಿಗೆ ದಾರಿ ಒಂದೇ ಅಲ್ಲ.